ಮಜ್ಜಿಗೆ ಕ್ಯಾನಿನ ಲೇಬಲ್

೧೪ ಮೇ, ಗುರುವಾರ. ಅಂಕಲೇಶ್ವರ.

ಬೆರಳಿಗೆ ಇನ್ನೂ ಲೇಬಲಿನ ಅಂಟು ಮೆತ್ತಿಕೊಂಡಿದೆ. ಅಕ್ಷರ ಸೊಟ್ಟಗಾದರೆ ಈ ಡೈರಿ ದೊಡ್ಡ ಮನಸ್ಸು ಮಾಡಿ ಕ್ಷಮಿಸತಕ್ಕದ್ದು.

ಅಪಾಯದ ಕೆಮಿಕಲ್ ಕ್ಯಾನುಗಳಿಗೆ ಅಂಟಿಸಬೇಕಾದ ಹೊಸ ನಿಯಮದ ಲೇಬಲ್‌ಗಳು ಕಾರ್ಖಾನೆಗೆ ಬಂದದ್ದು ಸೋಮವಾರ. ಕೆಂಪು ಚೌಕದೊಳಗೆ, ಹನಿ ಬಿದ್ದು ಕರಗುತ್ತಿರುವ ಕೈಯ ಚಿತ್ರ. ಅಂಟಿಸುವ ಪರಮಾಧಿಕಾರ ಸ್ಟೋರಿನ ಮಹಾಮಂತ್ರಿಯಾದ ನನ್ನದು. ಹಳೆಯ ಕೆಮಿಕಲ್ ಕ್ಯಾನನ್ನೇ ತೊಳೆದು ನಾವು ಮಜ್ಜಿಗೆಗೆ ಇಟ್ಟುಕೊಂಡಿದ್ದೇವಲ್ಲ, ಮೊದಲನೆಯ ಲೇಬಲನ್ನು ಶಾಸ್ತ್ರೋಕ್ತವಾಗಿ ಅದಕ್ಕೇ ಅಂಟಿಸಿದೆ. ಮೂರು ದಿನ ಎಲ್ಲರೂ ನಕ್ಕರು.

ಇವತ್ತು ಮಧ್ಯಾಹ್ನ ಯಾರೋ ಚರ್ಮ ಸುಡುವ ಕಾಸ್ಟಿಕ್ ಬೆರೆಸಿದ ಸುಣ್ಣದ ನೀರನ್ನು ಅಂಥದೇ ಬಿಳಿ ಕ್ಯಾನಿನಲ್ಲಿ ತಂದು ಮಜ್ಜಿಗೆ ಕ್ಯಾನಿನ ಪಕ್ಕದ ನೆರಳಿಗೇ ಇಟ್ಟಿದ್ದರು. ಅದರ ಮೇಲೂ ನಾನೇ ಅಂಟಿಸಿದ ಅದೇ ಲೇಬಲ್. ಬಾಯ್ಲರಿನ ರಮಣಕಾಕಾ ಬೆವರುತ್ತ ಬಂದು ಆ ಕ್ಯಾನಿನಿಂದಲೇ ಲೋಟಕ್ಕೆ ಬಗ್ಗಿಸಿಕೊಂಡರು.

"ಕಾಕಾ, ಕುಡೀಬೇಡಿ! ಅದು ಮಜ್ಜಿಗೆ ಅಲ್ಲ!"

"ಹೋಗೋ ತುಂಟ! ನಿನ್ನ ಈ ಚಿತ್ರಕ್ಕೆ ಹೆದರೋರು ಬೇರೆ ಯಾರಾದ್ರೂ ಇದ್ರೆ ನೋಡ್ಕೋ."

ನಾನು ಕೂಗಿದಷ್ಟೂ ಅವರು ನಕ್ಕರು. ಲೋಟ ತುಟಿಯ ಹತ್ತಿರ ಹೋದಾಗ ಓಡಿಹೋಗಿ ಹೊಡೆದು ಬೀಳಿಸಿದೆ. ಚೆಲ್ಲಿದ್ದು ಅವರ ಅಲ್ಯೂಮಿನಿಯಂ ಬುತ್ತಿಡಬ್ಬಿಯ ಮೇಲೆ ಬಿದ್ದು ಬುಸುಗುಟ್ಟುತ್ತ ನೊರೆ ಎದ್ದಿತು.

ಕಾಕಾ ಬೈಯಲಿಲ್ಲ. ಡಬ್ಬಿಯನ್ನೇ ನೋಡುತ್ತ, "ನಂಗೆ ಓದೋಕೆ ಬರಲ್ಲ, ಮಗಾ. ಗುರುತು ಹಿಡಿಯೋಕೆ ಇದ್ದಿದ್ದು ಈ ಚಿತ್ರ ಒಂದೇ" ಎಂದರು.

ಮಜ್ಜಿಗೆ ಕ್ಯಾನಿನ ಲೇಬಲನ್ನು ಉಗುರಿನಿಂದ ಕೆರೆದು ಕಿತ್ತೆ. ಅಂಟಿನ ಚೌಕ ಹಾಗೇ ಉಳಿಯಿತು. ಸಂಜೆ ಯಾರೂ ಮಜ್ಜಿಗೆ ಮುಟ್ಟಲಿಲ್ಲ. ನಾಳೆ ಮೊದಲ ಲೋಟವನ್ನು ಕಾಕಾನ ಎದುರಿಗೆ ನಾನೇ ಕುಡಿದು ತೋರಿಸಬೇಕು. ಅದನ್ನೂ ಅವರು ತಮಾಷೆ ಅಂದುಕೊಂಡರೆ, ಎರಡನೆಯ ಲೋಟವನ್ನೂ ನಾನೇ ಕುಡಿಯತಕ್ಕದ್ದು.