ಯಾರ ಅಜ್ಜಿಯನ್ನು ನೋಡಿಕೊಂಡರೆ ಸೇವೆ?

ಯುವ ಸಾಧನಾ ಪ್ರಶಸ್ತಿಯ ಮಾನ್ಯ ನಿರ್ದೇಶಕರೇ,

ನನ್ನ ಮಗಳ ಪದಕವನ್ನು ನೀವು ತಡೆಹಿಡಿದಿದ್ದೀರಿ. ಅದಿಲ್ಲದೆ ಅವಳಿಗೆ ನರ್ಸಿಂಗ್ ತರಬೇತಿಯ ಸೀಟು ಸಿಗುವುದಿಲ್ಲ. ಅರ್ಜಿ ಹಾಕಲು ಉಳಿದಿರುವುದು ಒಂಬತ್ತೇ ದಿನ. ಆದ್ದರಿಂದ ಕುಶಲೋಪರಿ ಬಿಟ್ಟು ನೇರ ಜಗಳಕ್ಕೇ ಬರುತ್ತೇನೆ.

ಹದಿನಾರರ ಹುಡುಗಿ. ನಿಮ್ಮ ಪಟ್ಟಿಯಂತೆ ಓಡಿದಳು, ಈಜಿದಳು, ಗುಡ್ಡ ಹತ್ತಿ ಟೆಂಟಿನಲ್ಲಿ ಮಲಗಿ ಸೊಳ್ಳೆಗಳಿಗೆ ಊಟವಾದಳು. ಉಳಿದದ್ದು ಆರು ತಿಂಗಳ ಸೇವೆ. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವವಳು. ಸೊಂಟ ಮುರಿದು ಮಲಗಿರುವ ನನ್ನ ಅತ್ತೆಯನ್ನು ನಾಲ್ಕು ವರ್ಷದಿಂದ ಮಗ್ಗುಲು ಬದಲಿಸಿ, ಮೈ ಒರೆಸಿ, ಬೆನ್ನು ಹುಣ್ಣಾಗದಂತೆ ಕಾದವಳು ಇವಳೇ. ಅದನ್ನೇ ಬರೆದುಕೊಟ್ಟಳು. ನಿಮ್ಮ ಮೇಲ್ವಿಚಾರಕರು ನಕ್ಕರಂತೆ: "ಸ್ವಂತ ಅಜ್ಜೀನಾ? ಅದು ಮನೆಕೆಲಸ ಕಣಮ್ಮ. ಸೇವೆ ಅಂದ್ರೆ ಹೊರಗಿನವ್ರಿಗೆ ಮಾಡ್ಬೇಕು."

ಸರಿ. ಎದುರು ಮನೆಯ ದರ್ಜಿಯ ಮಗಳೂ ಇದೇ ಪ್ರಶಸ್ತಿಗೆ ಹೆಸರು ಕೊಟ್ಟವಳು. ಅವಳಿಗೂ ಹಾಸಿಗೆ ಹಿಡಿದ ಒಬ್ಬ ಅಜ್ಜಿ. ಇಬ್ಬರು ಹುಡುಗಿಯರೂ ಅಜ್ಜಿಯರನ್ನೇ ಅದಲುಬದಲು ಮಾಡಿಕೊಂಡರು! ಸಂಜೆ ಐದಕ್ಕೆ ಇವಳು ರಸ್ತೆ ದಾಟಿ ಅತ್ತ, ಅವಳು ಇತ್ತ.

ಮೊದಲ ದಿನ ನಮ್ಮತ್ತೆ ಕೆರಳಿದರು. "ಯಾರೇ ನೀನು? ನಮ್ಮ ಹುಡುಗಿ ಎಲ್ಲಿ?"

"ನಮ್ಮಜ್ಜಿ ಹತ್ರ ಇದಾಳೆ ಅಜ್ಜಿ."

"ನಾನಿನ್ನೂ ಉಸಿರಾಡ್ತಿದೀನಿ, ಆಗ್ಲೇ ವರ್ಗಾವಣೆ ಮಾಡಿಬಿಟ್ಲಾ? ಬಾ, ದಿಂಬು ಸರಿ ಮಾಡು. ನಿಮ್ಮಜ್ಜಿಗೆ ಹೇಳು, ನಮ್ಮ ಹುಡುಗೀನ ಬೈದ್ರೆ ನಾನು ಸುಮ್ನಿರಲ್ಲ ಅಂತ."

ನಿಮ್ಮ ಮೇಲ್ವಿಚಾರಕರು ಎದುರು ಮನೆಗೆ ಬಂದು ನನ್ನ ಮಗಳ ಫೋಟೋ ತೆಗೆದರು. ಷರಾ ಬರೆದರು: "ಅಪರಿಚಿತ ವೃದ್ಧೆಯ ಬಗ್ಗೆ ಅಪೂರ್ವ ಕರುಣೆ." ಎರಡು ಮನೆಗಳ ನಡುವೆ ಇರುವುದು ಹನ್ನೆರಡು ಅಡಿ ಡಾಂಬರು. ಕರುಣೆ ಆ ಡಾಂಬರಿನಲ್ಲೇ ಇದ್ದಿರಬೇಕು!

ಆರು ತಿಂಗಳು ಮುಗಿದ ಮೇಲೆ ತುಂಬಿಕೊಡುವ ನಿಮ್ಮ ಕೊನೆಯ ಅರ್ಜಿಯಲ್ಲಿ "ಏನು ಕಲಿತಿರಿ?" ಎಂಬ ಪ್ರಶ್ನೆ. ನನ್ನ ಮಗಳು ಬರೆದಳು: "ನಮ್ಮಜ್ಜಿಯನ್ನು ಗೆಳತಿಗೆ ಕೊಟ್ಟರೆ ಇಬ್ಬರಿಗೂ ಪದಕ ಬರುತ್ತದೆ ಎಂದು ಕಲಿತೆ." ವಾರದಲ್ಲಿ ನೋಟಿಸು ಬಂತು: "ಪೂರ್ವಯೋಜಿತ ವಿನಿಮಯ. ಇಬ್ಬರ ಪದಕವನ್ನೂ ತಡೆಹಿಡಿಯಲಾಗಿದೆ."

"ಯಾಕೇ ಬರೆಯೋಕೆ ಹೋದೆ?" ಎಂದೆ.

"ಅವ್ರೇ ಕೇಳಿದ್ರಲ್ಲಮ್ಮ!"

ಸ್ವಾಮಿ, ಮೋಸ ಮಾಡಿದ್ದು ಯಾರು? ಹೊಸ್ತಿಲೊಳಗೆ ಎತ್ತಿದ ಬೆಡ್‌ಪ್ಯಾನ್ ಹೆಣ್ಣಿನ ಹಣೆಬರಹ, ಹೊಸ್ತಿಲಾಚೆ ಎತ್ತಿದ್ದು ಸಾಧನೆ ಎಂದು ಬರೆದ ಕೈ ಯಾವುದು? ಆ ಕೈ ಎಂದಾದರೂ ಒಂದು ಬೆಡ್‌ಪ್ಯಾನ್ ಎತ್ತಿದೆಯೇ? ಶಾಲೆ ಮುಗಿಸಿ ಬಂದು ಮನೆಯ ರೋಗಿಯನ್ನು ನೋಡಿಕೊಳ್ಳುವ ಹುಡುಗಿಯರೆಲ್ಲ ನಿಮ್ಮ ಕಣ್ಣಿಗೆ ಸುಮ್ಮನೆ ಕೂತವರೇ?

ಶುಕ್ರವಾರದೊಳಗೆ ಇಬ್ಬರ ಪದಕವನ್ನೂ ಕೊಡಿ. ಆ ನಿಯಮವನ್ನು ಹೊಡೆದುಹಾಕಿ. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎರಡು ಗಾಲಿಕುರ್ಚಿಗಳಲ್ಲಿ ಇಬ್ಬರು ಅಜ್ಜಿಯರು ನಿಮ್ಮ ಕೊಠಡಿಗೆ ಬರುತ್ತಾರೆ. ಸಂಜೆ ಐದರವರೆಗೆ ನೀವೇ ನೋಡಿಕೊಳ್ಳಿ. ನಮ್ಮತ್ತೆ ಗಂಟೆಗೊಮ್ಮೆ ಬೆಡ್‌ಪ್ಯಾನ್ ಕೇಳುತ್ತಾರೆ, ತಡವಾದರೆ ಬೈಯುತ್ತಾರೆ. ಗಾಬರಿಯಾಗಬೇಡಿ. ಇಬ್ಬರೂ ನಿಮಗೆ ಏನೂ ಆಗಬೇಕಾದವರಲ್ಲ, ಅಪ್ಪಟ ಸೇವೆ. ಫೋಟೋ ನಾನು ತೆಗೆಯುತ್ತೇನೆ.

ಇಂತಿ,
ನಿಮ್ಮ ನಿಯಮದ ಪ್ರಕಾರ ಇದುವರೆಗೆ ಯಾರ ಸೇವೆಯನ್ನೂ ಮಾಡದ
ಒಬ್ಬ ತಾಯಿ