ಹೊಟ್ಟೆಕುಚ್ಚು

ಘಾಟ್ಕೋಪರ್ ಪೂರ್ವ, ಮುಂಬಯಿ
ಏಪ್ರಿಲ್ ೨೬, ಭಾನುವಾರ

ಪ್ರೀತಿಯ ಅಜ್ಜೀ,

ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಎದುರಿಗೆ ಒಂದು ತಟ್ಟೆ ಅವಲಕ್ಕಿ ಇಟ್ಟುಕೊಂಡು ಈ ತಪ್ಪೊಪ್ಪಿಗೆಯನ್ನು ಬರೆಯುತ್ತಿದ್ದೇನೆ: ನಾನು ಕಳ್ಳ. ಗಾಬರಿಯಾಗಬೇಡ, ಪೊಲೀಸರು ಇನ್ನೂ ಬಂದಿಲ್ಲ. ಕದ್ದದ್ದೇನು ಎಂದು ಹೇಳುವ ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ರಂಜನಿ ಅತ್ತೆ ದಿನಾ ಎಣ್ಣೆ ತಿಕ್ಕಿಕೊಡುತ್ತಾರಾ, ಇಲ್ಲ ನೀನೇ ಬೇಡವೆಂದು ಅವರನ್ನು ಓಡಿಸುತ್ತೀಯಾ? ಮೈಸೂರಿನಲ್ಲೂ ಈ ವರ್ಷ ಬಿಸಿಲು ಜೋರಂತೆ. ಮಜ್ಜಿಗೆ ಕುಡಿ, ಮಧ್ಯಾಹ್ನ ಮಹಡಿ ಹತ್ತಬೇಡ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಮಗ ಸೀತಾರಾಮರಾಯರು ವಿಕ್ರೋಳಿಯ ಆಫೀಸಿನಲ್ಲಿ ಇವತ್ತಿಗೂ ‘ಮಗ ಡಿಸೈನ್ ಓದ್ತಿದಾನೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕೇಳಿದವರು ಸೇತುವೆಯ ಡಿಸೈನ್ ಎಂದುಕೊಳ್ಳುತ್ತಾರೆ, ಅಪ್ಪ ತಿದ್ದುವುದಿಲ್ಲ. ಅಮ್ಮನಿಗೆ ಮಾತ್ರ ಲಾಭವಾಗಿದೆ. ಫ್ಯಾಷನ್ ಡಿಸೈನ್‌ನ ಮೊದಲ ವರ್ಷ ಮುಗಿಯುವಷ್ಟರಲ್ಲಿ ನಾನು ಮನೆಯ ದಿಂಬುಗಳಿಗೆಲ್ಲ ಹೊಸ ಕವರ್ ಹೊಲಿದಿದ್ದೇನೆ. ಇನ್ನು ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯಾ? ಫೋನಿನಲ್ಲಿ ಪಿಸುಗುಟ್ಟಿದರೆ ನಿನಗೆ ಕೇಳಿಸುವುದಿಲ್ಲ, ಕೂಗಿದರೆ ಇಡೀ ಒಂಟಿಕೊಪ್ಪಲಿಗೆ ಕೇಳಿಸುತ್ತದೆ. ಕಳ್ಳತನವನ್ನು ಕೂಗಿ ಹೇಳುವಷ್ಟು ದೊಡ್ಡ ಕಳ್ಳ ನಾನಿನ್ನೂ ಆಗಿಲ್ಲ.

ಹೋದ ತಿಂಗಳು ನೀನು ನಮ್ಮ ಮನೆಯ ವಿಳಾಸಕ್ಕೆ ಒಂದು ಡಬ್ಬಿ ರೇಷ್ಮೆ ದಾರ ಕಳಿಸಿದ್ದೆ. ಮೇಲೆ ನಿನ್ನ ದುಂಡು ಅಕ್ಷರದಲ್ಲಿ ‘ಚಿ. ತಿಲಕನಿಗೆ’ ಎಂದು ಬರೆದಿತ್ತು. ಬಾಗಿಲು ತೆರೆದು ಕೊರಿಯರ್ ತೆಗೆದುಕೊಂಡವನು ನಾನು. ‘ಚಿ.’ ಎಂದರೆ ಚಿರಂಜೀವಿ ಎಂದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಚಿನ್ಮಯ್ ಕೂಡ ಚಿ. ಇಂದಲೇ ಶುರುವಾಗುತ್ತದಲ್ಲ? ಆ ಒಂದು ಅಕ್ಷರ ಓದಿದೆ, ನನ್ನದೇ ಎಂದುಕೊಂಡೆ, ಮುಂದಕ್ಕೆ ಓದುವ ಗೋಜಿಗೆ ಹೋಗಲಿಲ್ಲ. ಕೋರ್ಟಿನಲ್ಲಿ ನಿಲ್ಲಿಸಿದರೂ ಇದನ್ನೇ ಹೇಳುವವನಿದ್ದೇನೆ. ಡಬ್ಬಿ ನನ್ನ ಮಂಚದ ಕೆಳಗೆ ಹೋಯಿತು. ಅದೇ ವಾರ ನನ್ನ ಪಾಲಿಗೆ ನೀನು ಕಳಿಸಿದ್ದು ಹುರಿಗಾಳು. ಹುರಿಗಾಳು ತಿನ್ನುತ್ತ ಹುರಿದುಕೊಂಡೆ ಅಜ್ಜಿ, ಹೊಟ್ಟೆಯೊಳಗೇ.

ಈ ತಿಲಕ ಯಾರು ಎಂದು ನಿನಗೆ ನೆನಪಿಸಬೇಕು, ಯಾಕೆಂದರೆ ನೀನು ಒಂದು ವಿಷಯ ಮರೆತಿರುವಂತಿದೆ: ಅವನು ನಿನ್ನ ಮೊಮ್ಮಗನಲ್ಲ. ನನ್ನ ಕ್ಲಾಸಿನವನು, ಅಷ್ಟೆ. ವಿಲೆ ಪಾರ್ಲೆ ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ಇಟ್ಟಿರುವ ಮೋನಪ್ಪನವರ ಮಗ. ಉಡುಪಿಗೆ ಸೇರಿದವನು ಉಡುಪಿಗೇ ಬಂದು ಸೇರಿಕೊಂಡ. ಚತುರ್ಥಿ ವಿಭಕ್ತಿಯಲ್ಲಿ ಊರಿಗೂ ಬಟ್ಟೆಗೂ ವ್ಯತ್ಯಾಸವೇ ಇಲ್ಲ ನೋಡು. ಮೊದಲ ದಿನ ಇಡೀ ತರಗತಿಯಲ್ಲಿ ಕನ್ನಡ ಬರುವವರು ನಾವಿಬ್ಬರೇ ಎಂದು ಗೊತ್ತಾದಾಗ ನನಗೆ ಖುಷಿಯಾಗಿದ್ದು ನಿಜ. ನಾನೇ ಅವನನ್ನು ನವರಾತ್ರಿಗೆ ಮನೆಗೆ ಕರೆದೆ. ಅದು ನನ್ನ ಮೊದಲ ಕಟಿಂಗ್ ಮಿಸ್ಟೇಕ್. ಆಗ ಇಲ್ಲೇ ನಮ್ಮ ಜೊತೆಗಿದ್ದ ನೀನು ಕಿಟಕಿಯ ಬಳಿ ಕೂತು, ಮೇಲಿನ ಮನೆಯವರ ಸೀರೆಗೆ ಕುಚ್ಚು ಕಟ್ಟುತ್ತಿದ್ದೆ. ಸೆರಗಿನ ತುದಿಯ ಎಳೆಗಳನ್ನು ಗುಂಪು ಮಾಡಿ, ದಾರ ಸುತ್ತಿ, ಗಂಟು ಬಿಗಿದು, ಸಮನಾಗಿ ಕತ್ತರಿಸುತ್ತಿದ್ದೆ. ಅವನು ಚಪ್ಪಲಿ ಬಿಚ್ಚಿದವನೇ ಬಂದು ನಿನ್ನ ಪಕ್ಕ ನೆಲಕ್ಕೆ ಕೂತ. ‘ಎಂತ ಚಂದ ಉಂಟು ಅಜ್ಜಿ! ನನಗೂ ಒಂಚೂರು ಕಲಿಸಿಕೊಡ್ತೀರಾ?’

ಅದೇ ಕುಚ್ಚನ್ನು ನೀನು ನನಗೆ ಜೂನ್‌ನಲ್ಲೇ ಕಲಿಸಲು ಬಂದಿದ್ದೆ ಎಂಬುದನ್ನು ನಾನು ಮರೆತಿಲ್ಲ. ‘ಅದೆಲ್ಲ ಸೀರೆ ಆಂಟಿಯರ ಕೆಲಸ ಅಜ್ಜಿ, ನಾವು ಗೊಂಬೆ ಮೇಲೆ ಬಟ್ಟೆ ಇಳಿಬಿಟ್ಟು ಡ್ರೇಪಿಂಗ್ ಮಾಡೋರು’ ಎಂದಿದ್ದೆ. ನೀನು ಕನ್ನಡಕದ ಮೇಲಿಂದ ನೋಡಿ, ‘ಡ್ರೇಪಿಂಗೋ, ದರ್ಪವೋ?’ ಎಂದೆ. ಈ ಮನೆಯಲ್ಲಿ ಶ್ಲೇಷೆ ಎಲ್ಲಿಂದ ಬಂತು ಎಂದು ಯಾರೂ ನನ್ನನ್ನು ಕೇಳಬೇಕಾಗಿಲ್ಲ. ಆದರೆ ಒಂದು ಸಲ ಬೇಡ ಎಂದರೆ ಇನ್ನೊಂದು ಸಲ ಕೇಳಬಾರದೇನು? ನಾನು ಬೇಡ ಎಂದದ್ದನ್ನೆಲ್ಲ ನೀನು ಹಾಗೇ ಬಿಟ್ಟಿದ್ದರೆ ನಾನು ಇವತ್ತಿಗೂ ಬದನೆಕಾಯಿ ತಿನ್ನುತ್ತಿರಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಅವನು ಹಾಜರು. ಬರುವಾಗ ಹೋಟೆಲಿನಿಂದ ಬನ್ಸ್ ತರುತ್ತಿದ್ದ, ಅದಕ್ಕೆ ನೀನು ಕರಗಿದೆ. ನನ್ನ ಕಿಟಕಿ ಜಾಗ ಅವನದಾಯಿತು. ನನ್ನ ಚಕ್ಕುಲಿ ಡಬ್ಬಿ ಅವನ ಮುಂದೆ ತೆರೆಯಿತು. ನಾನು ಒಳಗಿನ ಕೋಣೆಯಲ್ಲಿ ಕಾಗದದ ಮೇಲೆ ತೋಳಿನ ವಕ್ರರೇಖೆ ಎಳೆಯುತ್ತ ಕೂತಿರುತ್ತಿದ್ದೆ. ಹೊರಗಿನಿಂದ ನಿಮ್ಮಿಬ್ಬರ ನಗು ಕೇಳಿ ನನ್ನ ತೋಳು ಸೊಂಟಕ್ಕೆ ಹೋಗಿ ಸೇರುತ್ತಿತ್ತು. ಒಂದು ದಿನ ನೀನು ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: ‘ಆ ಹುಡುಗನಿಗೆ ಬೆರಳಿದೆ ಕಣೆ.’ ಅಜ್ಜಿ, ನನಗೂ ಇವೆ. ಎಣಿಸಿ ನೋಡಿಕೊಂಡೆ, ಹತ್ತೂ ಇವೆ. ಸಂಕ್ರಾಂತಿಗೆ ನೀನು ಮೈಸೂರಿಗೆ ಹೊರಟಾಗ ಸ್ಟೇಷನ್ನಿಗೆ ಬಂದು ನಿನ್ನ ಬ್ಯಾಗು ಹೊತ್ತವನೂ ಅವನೇ. ನಾನು ನೀರಿನ ಬಾಟ್ಲಿ ಹೊತ್ತಿದ್ದೆ. ಆಮೇಲೆ ಫೋನ್ ಮಾಡಿದಾಗಲೆಲ್ಲ ನಿನ್ನ ಮೊದಲ ಮಾತು ‘ತಿಲಕ ಚೆನ್ನಾಗಿದಾನಾ?’ ಇದನ್ನು ಜನ ಹೊಟ್ಟೆಕಿಚ್ಚು ಎನ್ನುತ್ತಾರೆ. ನನ್ನದು ಅಷ್ಟು ಸಾಮಾನ್ಯದ್ದಲ್ಲ. ನನ್ನದು ಹೊಟ್ಟೆಕುಚ್ಚು, ಗಂಟು ಗಂಟಾಗಿ ಒಳಗೇ ಜೋತಾಡುತ್ತದೆ.

ಈಗ ಸಿಹಿ ಸುದ್ದಿ. ವರ್ಷದ ಕೊನೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಹಳೆಯ ಬಟ್ಟೆಯಿಂದ ಒಂದು ಹೊಸ ಉಡುಪು ಮಾಡಬೇಕಿತ್ತು. ಚೆನ್ನಾಗಿರುವುದನ್ನು ಆರಿಸಿ ಮೇ ಕೊನೆಯಲ್ಲಿ ಕಾಲೇಜಿನ ಫ್ಯಾಷನ್ ಷೋಗೆ ತೆಗೆದುಕೊಳ್ಳುತ್ತಾರೆ. ನೀನು ಹೋಗುವಾಗ ‘ಏನಾದ್ರೂ ಹೊಲ್ಕೋ’ ಎಂದು ಬಿಟ್ಟುಹೋದ ಕುಂಕುಮ ಬಣ್ಣದ ಸೀರೆಯನ್ನು ನಾನು ಜಾಕೆಟ್ ಮಾಡಿದೆ. ಸೆರಗು ಸರಿಯಾಗಿ ಜಾಕೆಟ್ಟಿನ ಕೆಳ ಅಂಚಿಗೆ ಬರುವಂತೆ ಕತ್ತರಿಸಿ, ಸುತ್ತಲೂ ಗಿಳಿಹಸಿರು ಕುಚ್ಚು. ಹೌದು, ಅದೇ ಡಬ್ಬಿಯ ದಾರ. ತಿಲಕ ದಿನಾ ಕೇಳುತ್ತಿದ್ದ: ‘ಅಜ್ಜಿ ದಾರ ಕಳಿಸ್ತೇನೆ ಅಂದಿದ್ರು ಮಾರಾಯ, ಬಂತಾ?’ ನಾನು ಕೊರಿಯರಿನವರನ್ನು ಬೈಯುತ್ತಿದ್ದೆ. ಅವನೂ ಸೇರಿಕೊಂಡು ಬೈಯುತ್ತಿದ್ದ. ದಾರ ಬರದೆ ಅವನು ತನ್ನಪ್ಪನ ಹಳೆಯ ಬಿಳಿ ಪಂಚೆಯಿಂದ ಹೊಲಿದ ಕುರ್ತಾಕ್ಕೆ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವ ಬಿಳಿ ದಾರದಲ್ಲೇ ಕುಚ್ಚು ಕಟ್ಟಿದ. ಇಡ್ಲಿ ಪೊಟ್ಟಣ ಬಿಚ್ಚಿದ ಹಾಗಿತ್ತು ಎಂದು ಬರೆಯಬೇಕೆಂದಿದ್ದೆ. ಹಾಗಿರಲಿಲ್ಲ.

ಮೊನ್ನೆ ಶುಕ್ರವಾರ ಆಯ್ಕೆ. ಹೊರಗಿನಿಂದ ಬಂದ ಮೇಡಂ ನನ್ನ ಜಾಕೆಟ್ಟಿನ ಅಂಚು ಹಿಡಿದು, ‘ಯೇ ಕ್ಯಾ ಹೈ?’ ಎಂದರು. ‘ಕುಚ್ಚು’ ಎಂದೆ. ಅವರ ಹಿಂದಿಗೆ ಅದು ‘ಕುಛ್’, ಅಂದರೆ ‘ಏನೋ ಒಂದು’ ಎಂದು ಕೇಳಿಸಿತು. ‘ಕುಛ್? ಕುಛ್ ಕ್ಯಾ?’ ‘ಕುಚ್ಚು, ಮೇಡಂ.’ ‘ಅರೇ, ಕುಛ್ ತೋ ಹೈ, ದಿಖ್ ರಹಾ ಹೈ. ಲೇಕಿನ್ ಕ್ಯಾ?’ ಏನೋ ಇದೆ, ಕಾಣ್ತಿದೆ, ಆದರೆ ಏನದು ಅಂತ. ತಾನು ಮಾಡಿದ್ದು ಏನೆಂದು ತನಗೇ ತಿಳಿಯದ ವಿದ್ಯಾರ್ಥಿ ಎಂದು ಅವರು ಪೆನ್ನು ಎತ್ತಿಬಿಟ್ಟಿದ್ದರು. ಆಗ ಹಿಂದಿನಿಂದ ತಿಲಕ ಬಾಯಿ ಹಾಕಿದ: ‘ಕುಛ್ ನಹೀಂ ಮೇಡಂ, ಕುಚ್ಚು. ಮೈಸೂರ್ ಕೀ ಸಾಡಿ ಮೇ ಹೋತಾ ಹೈ. ಇಸ್ಕೀ ದಾದೀ ನೇ ಸಿಖಾಯಾ ಹೈ.’ ಮೈಸೂರಿನ ಸೀರೆಯಲ್ಲಿ ಇರುತ್ತದೆ, ಇವನ ಅಜ್ಜಿ ಕಲಿಸಿದ್ದು ಎಂದ. ಯಾರಿಗೆ ಕಲಿಸಿದ್ದು ಎಂದು ಹೇಳಲಿಲ್ಲ. ನಾನೂ ಬಿಡಿಸಿ ಹೇಳಲು ಹೋಗಲಿಲ್ಲ. ಮೇಡಂ ಒಂದೊಂದೇ ಕುಚ್ಚನ್ನು ಜಗ್ಗಿ ನೋಡಿದರು, ಒಂದೂ ಸಡಿಲವಾಗಲಿಲ್ಲ. ‘ಹೊಲಿಗೆ ಸುಮಾರು, ಆದರೆ ಈ ಗಂಟುಗಳು!’ ಎಂದು ತಲೆಯಾಡಿಸಿ ನನ್ನ ಜಾಕೆಟ್ಟನ್ನು ಷೋಗೆ ತೆಗೆದುಕೊಂಡರು. ತಿಲಕನದನ್ನು ತಡೆಹಿಡಿದಿದ್ದಾರೆ: ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ, ಬಣ್ಣ ಬೇಕು, ಮೇ ಹದಿನೈದರೊಳಗೆ ಸರಿಮಾಡಿ ತಂದರೆ ನೋಡೋಣ ಎಂದರು.

ಹಾಗಾಗಿ ಅಜ್ಜೀ, ಕೇಳಿಸಿಕೋ, ಅತ್ತೆಗೂ ಓದಿ ಹೇಳು: ನಿನ್ನ ಮೊಮ್ಮಗ ಗೆದ್ದ. ಉಡುಪಿ ಸೋತಿತು, ಮೈಸೂರು ಗೆದ್ದಿತು. ಕುಚ್ಚು ಯಾರ ವಂಶದ್ದು ಎಂದು ಮುಂಬಯಿಗೆ ಗೊತ್ತಾಯಿತು. ಇನ್ನು ಮೇಲೆ ಫೋನಿನಲ್ಲಿ ಮೊದಲು ನನ್ನ ಆರೋಗ್ಯ, ಆಮೇಲೆ ಉಳಿದವರದು.

ಮಂಡಿಯ ಕಡೆ ಜೋಪಾನ. ಅತ್ತೆಗೆ ನನ್ನ ನಮಸ್ಕಾರ. ನಿನ್ನ ಪಾದಕ್ಕೆ ಇಲ್ಲಿಂದಲೇ ಬಗ್ಗಿದ್ದೇನೆ, ತಲೆ ಮೇಲೆ ಕೈಯಿಟ್ಟು ‘ಚೆನ್ನಾಗಿರು’ ಅನ್ನು. ಆ ಕೈ ಈ ತಲೆಗೇ ಬರಲಿ, ದಾರಿಯಲ್ಲಿ ವಿಲೆ ಪಾರ್ಲೆಯಲ್ಲಿ ಇಳಿಯದಿರಲಿ.

ಇಂತು ನಿನ್ನ ಒಬ್ಬನೇ, ಅಸಲಿ ಮೊಮ್ಮಗ,
ಚಿ. ಚಿನ್ಮಯ್

ತಾ.ಕ.: ಅಂಟು ಹಚ್ಚುವ ಮೊದಲು ಕವರಿನೊಳಗೆ ಇದೊಂದು ಚೀಟಿ. ಅತ್ತೆಗೆ ಓದಿ ಹೇಳಬೇಡ. ಗಿಳಿಹಸಿರು ದಾರ ಇನ್ನೊಂದು ಡಬ್ಬಿ ಬೇಗ ಕಳಿಸು, ಮೇ ಹದಿನೈದರೊಳಗೆ ತಲುಪಬೇಕು. ದಾದರಿನ ಅಂಗಡಿಗಳನ್ನೆಲ್ಲ ಸುತ್ತಿದೆ, ಆ ಬಣ್ಣ ಸಿಗಲಿಲ್ಲ. ಹೋಟೆಲಿನ ವಿಳಾಸ ಹಿಂದೆ ಬರೆದಿದ್ದೇನೆ, ನೇರ ಅಲ್ಲಿಗೇ ಕಳಿಸು. ನಮ್ಮ ಮನೆಯಲ್ಲಿ ಚಿ.ಗಳನ್ನು ನಂಬುವಂತಿಲ್ಲ. ಇನ್ನೊಂದು ಡಬ್ಬಿ ಯಾಕೆಂದರೆ, ಶುಕ್ರವಾರ ಬೆಳಿಗ್ಗೆ, ನಾನು ಕಟ್ಟಿದ ಕುಚ್ಚು ಅಂಧೇರಿ ಬರುವಷ್ಟರಲ್ಲಿ ಮೆಟ್ರೋದಲ್ಲೇ ಬಿಚ್ಚು ಆಗಿ, ಜಾಕೆಟ್ಟು ನೆನೆದ ಕೋಳಿಯಂತೆ ಜೋಲುತ್ತಿತ್ತು. ಬೇರೆ ದಾರಿ ಇಲ್ಲದೆ ಮೋನಪ್ಪನವರ ಹೋಟೆಲಿಗೆ ಓಡಿದೆ. ತಿಲಕ ಮೂಲೆಯ ಟೇಬಲ್ ಒರೆಸಿ ಜಾಕೆಟ್ಟು ಹರಡಿಕೊಂಡ. ನಾನು ಬ್ಯಾಗಿನಿಂದ ತೆಗೆದ ಡಬ್ಬಿ ನೋಡಿದ, ಮೇಲಿನ ಹೆಸರು ಓದಿದ. ‘ಈ ಹಸಿರು ನಾನೇ ಅಜ್ಜಿ ಹತ್ರ ಕೇಳಿದ್ದು ಮಾರಾಯ’ ಎಂದ. ಅಷ್ಟೇ ಎಂದ. ಆಮೇಲೆ ನನಗೊಂದು ಕಾಫಿ ತರಿಸಿ, ಎಲ್ಲ ಬಿಚ್ಚಿ ಮೊದಲಿನಿಂದ ಕಟ್ಟಿಕೊಟ್ಟ. ದಾರ ಪೂರ್ತಿ ಮುಗಿಯಿತು, ಅವನ ಕುರ್ತಾಕ್ಕೆ ಒಂದು ಎಳೆಯೂ ಉಳಿಯಲಿಲ್ಲ. ಮೇಡಂ ಜಗ್ಗಿ ನೋಡಿದ ಗಂಟು ಒಂದೂ ನನ್ನದಲ್ಲ ಅಜ್ಜಿ. ನಾನು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಿದ್ದೆ, ನನ್ನ ಹತ್ತೂ ಬೆರಳಿನಿಂದ.