ಕಾರ್ಡಿನಲ್ಲಿ ಬರೆದ ಕೆಲಸ

ಅಲ್ ಗುಬ್ರಾ, ಮಸ್ಕತ್
ಶನಿವಾರ, ೮ ನವೆಂಬರ್ ೨೦೨೫

ಪ್ರೀತಿಯ ಭೋಜ ಮಾವನಿಗೆ,

ಮಾರ್ಚ್‌ನಲ್ಲಿ ನಾನು ನಿಮ್ಮನ್ನು ಸುಳ್ಳುಗಾರ ಎಂದು ಬರೆದೆ. ಅದು ಅನ್ಯಾಯ. ಸುಳ್ಳು ನಿಮ್ಮದಾಗಿರಲಿಲ್ಲ, ನನ್ನ ಅಮ್ಮನದು. ಇದನ್ನು ಹೇಳದೆ ನಿಮ್ಮ ಆರೋಗ್ಯ ವಿಚಾರಿಸುವ ಮುಖ ನನಗಿಲ್ಲ. ಈಗ ಕೇಳುತ್ತೇನೆ: ಮಂಡಿನೋವು ಹೇಗಿದೆ? ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಇಲ್ಲಿ ಸೆಕೆ ಇಳಿದಿದೆ. ಅಪ್ಪ, ತಮ್ಮ ಲಕ್ಷಿತ್ ಚೆನ್ನಾಗಿದ್ದಾರೆ. ಅಮ್ಮ ಚೆನ್ನಾಗಿದ್ದಾಳೆ ಎಂದರೆ ನೀವು ನಂಬಬೇಡಿ.

ಮುಲ್ಕಿಯ ಅಜ್ಜಿ, ಅಪ್ಪನ ಅಮ್ಮ, ಆಗಸ್ಟ್‌ನಲ್ಲಿ ತೀರಿಕೊಂಡದ್ದು ನಿಮಗೆ ಗೊತ್ತು. ಅಂದಿನಿಂದ ಅಮ್ಮ ಮಾತು ಕಡಿಮೆ ಮಾಡಿದ್ದಳು. ನಿನ್ನೆ ಶುಕ್ರವಾರ ಬೂತಾಯಿ ಮೀನಿನ ಸಾರು ತಳ ಹಿಡಿಯಿತು. ಪಾತ್ರೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಿ, "ನಿನ್ನ ಮಾವ ಇಲ್ಲೇ ಒಮಾನಿನ ಸೂರ್‌ನಲ್ಲಿ ಏಳು ವರ್ಷ ಇದನ್ನೇ ಮಾಡಿದ್ದು" ಅಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ನಿಮಗೆ ವೀಸಾ ಕೊಟ್ಟ ಕಫೀಲ್ ಬಳಿ ಉಳಿದಿದ್ದದ್ದು ಸೂಪರ್‌ವೈಸರ್ ವೀಸಾ ಒಂದೇ. ಹಾಗಾಗಿ ನಿಮ್ಮ ಲೇಬರ್ ಕಾರ್ಡಿನಲ್ಲಿ ಸೂಪರ್‌ವೈಸರ್, ಕೆಲಸ ಮಾತ್ರ ಕಾರ್ಮಿಕರ ಕ್ಯಾಂಪಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು. ಅಮ್ಮನನ್ನು ನೋಡಲು ಬಂದ ಗಂಡಿನ ಮನೆಯವರಿಗೆ ಅವಳೇ ಆ ಕಾರ್ಡಿನ ಜೆರಾಕ್ಸ್ ತೋರಿಸಿದಳಂತೆ. "ಕಾರ್ಡಿನಲ್ಲೇ ಉಂಟಲ್ಲ, ನಾನು ಸುಳ್ಳು ಹೇಳಿದ್ದಾ?" ಎಂದು ನನ್ನನ್ನೇ ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು.

ಮಾವ, ನಾನು ಓದಿ ಬೆಳೆದದ್ದು ಶಾಲೆಯ ಪುಸ್ತಕಗಳಿಂದಲ್ಲ, ನಿಮ್ಮ ಪಾರ್ಸೆಲ್‌ಗಳಿಂದ. ನೀವು ಚಾಕಲೇಟ್ ಡಬ್ಬಿಗಳನ್ನು ನಿಮ್ಮ ಚುನಾವಣೆಯಲ್ಲಿ ಉಳಿದ ಕರಪತ್ರಗಳಲ್ಲಿ ಸುತ್ತಿ ಕಳಿಸುತ್ತಿದ್ದಿರಿ. ಚಾಕಲೇಟ್ ಲಕ್ಷಿತ್‌ನ ಪಾಲು, ಕಾಗದ ನನ್ನದು. ಇಸ್ತ್ರಿ ಹಾಕಿ ಫೈಲಿನಲ್ಲಿ ಇಟ್ಟಿದ್ದೇನೆ. ನೀವು ಸೂರ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಿ, ಪರ್ತ್‌ನಿಂದ ದೂರದ ಗಣಿ ಕ್ಯಾಂಪಿನಲ್ಲಿ ಅಡುಗೆಯವನಾಗಿ ಸೇರಿದವರು, ಫ್ರಿಜ್ ಕೆಟ್ಟು ಹಳಸಿದ ಮಾಂಸವನ್ನು ಕೆಲಸಗಾರರಿಗೆ ಬಡಿಸುವುದಿಲ್ಲ ಎಂದು ಸೌಟು ಕೆಳಗಿಟ್ಟವರು, ಅದರಿಂದ ಯೂನಿಯನ್‌ಗೆ, ಯೂನಿಯನ್‌ನಿಂದ ರಾಜ್ಯದ ವಿಧಾನಸಭೆಗೆ ಹೋದವರು. ಊರಿನವರ ಬಾಯಲ್ಲಿ ಆಸ್ಟ್ರೇಲಿಯಾದ ಎಮ್ಮೆಲ್ಲೆ. ಎರಡು ಅವಧಿಯಲ್ಲಿ ನೀವು ಮಾಡಿದ್ದರಲ್ಲಿ ನನಗೆ ಹೆಚ್ಚು ಇಷ್ಟ ಬಸ್ ನಿಲ್ದಾಣಗಳ ನೆರಳು. ನಲವತ್ತೊಂದು ನಿಲ್ದಾಣ. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ನಿಂತವರಿಗೆ ಮಾತ್ರ ಅದು ರಾಜಕೀಯ ಎಂದು ಗೊತ್ತಾಗುತ್ತದೆ. ಹಿಂದೆ ಒಮ್ಮೆ ಫೋನಿನಲ್ಲಿ ಹೇಳಿದ್ದಿರಿ, "ತಟ್ಟೆ ತೊಳೆಯುವವನಿಗೆ ಗೊತ್ತುಂಟು ಮಗಾ, ಯಾರು ಊಟ ಬಿಟ್ಟು ಎದ್ದಿದ್ದಾರೆ ಅಂತ." ಆಗ ನಗೆಮಾತು ಎಂದುಕೊಂಡಿದ್ದೆ.

ಮೊದಲ ಚುನಾವಣೆಗೆ ನಿಮ್ಮ ಬದುಕಿನ ಕಥೆ ಅಚ್ಚಾಗುವ ಮುಂಚೆ ನೀವು ಅಮ್ಮನಿಗೆ ಫೋನ್ ಮಾಡಿ, ಪಾತ್ರೆ ತೊಳೆದದ್ದನ್ನು ಬರೆಯಲಾ ಎಂದು ಕೇಳಿದಿರಂತೆ. ಅವಳು ಅತ್ತಳಂತೆ. "ಅತ್ತೆ ಇರುವಷ್ಟು ದಿನ ಬೇಡ ಮಾರಾಯ. ಮುಲ್ಕಿಯಲ್ಲಿ ನನಗೆ ತಲೆ ಎತ್ತಲಿಕ್ಕೆ ಆಗುದಿಲ್ಲ." ನೀವು 'ಸೂರ್‌ನಲ್ಲಿ ಕ್ಯಾಂಪ್ ಸೂಪರ್‌ವೈಸರ್' ಎಂದು ಬರೆಸಿದಿರಿ. ಎರಡು ಚುನಾವಣೆ ಗೆದ್ದಿರಿ. ಮೂರನೆಯದರಲ್ಲಿ ಹಳೆಯ ಜೊತೆಗಾರರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ಹೆಮ್ಮೆಯಿಂದಲೇ, ಪಾತ್ರೆಗಳ ರಾಶಿಯ ಮುಂದೆ ನಿಂತ ನಿಮ್ಮ ಫೋಟೊ ಹಾಕಿದರು. ಎದುರು ಪಕ್ಷದವರು ಅದನ್ನೇ ಹಿಡಿದು, ಸೂಪರ್‌ವೈಸರ್ ಎಂದದ್ದು ಸುಳ್ಳು ಎಂದರು. ಪತ್ರಿಕೆಯವರು ಕೇಳಿದಾಗ ನೀವು ಹೇಳಿದ್ದು "ತಪ್ಪು ನನ್ನದು" ಎಂದಷ್ಟೆ. ಇನ್ನೂರ ಹದಿನಾಲ್ಕು ಮತಗಳಿಂದ ಸೋತಿರಿ. ಆ ವಾರವೇ ನಾನು ಬರೆದೆ, ಪಾತ್ರೆ ತೊಳೆದೆ ಎನ್ನಲು ನಾಚುವವರು ಕೆಲಸಗಾರರ ಹೆಸರಿನಲ್ಲಿ ಮತ ಕೇಳಬಾರದು ಎಂದು. ನಿಮ್ಮ ಉತ್ತರ ಒಂದೇ ಸಾಲು: "ಕೋಪ ಒಳ್ಳೆಯದು ಮಗಾ, ಇಟ್ಟುಕೋ. ಊಟ ಬಿಡಬೇಡ."

ನಿಮ್ಮ ಮೌನವನ್ನು ನಾನು ಈಗಲೂ ಒಪ್ಪುವುದಿಲ್ಲ. ದುಡಿಮೆಗೆ ನಾಚುವ ಮನೆಗಳಿಗೆ ಸುಳ್ಳು ಬಡಿಸಿದಷ್ಟು ಕಾಲ ಆ ನಾಚಿಕೆ ಸಾಯುವುದಿಲ್ಲ. ಆದರೆ ತಂಗಿಗಾಗಿ ತನ್ನ ಜಾಗವನ್ನೇ ಬಿಟ್ಟು, ಅವಳ ಹೆಸರನ್ನು ಒಮ್ಮೆಯೂ ಎತ್ತದ ಮನುಷ್ಯ ನನ್ನ ಮಾವ ಎಂಬುದಕ್ಕೆ, ಆ ಸುಕ್ಕಾದ ಕಾಗದಗಳಿಗೆ, ನನ್ನ ಕೋಪಕ್ಕೂ ನೀವು ಕೊಟ್ಟ ಮರ್ಯಾದೆಗೆ, ನಾನು ಋಣಿ.

ಮಸ್ಕತ್‌ನಲ್ಲಿ ವಿಮಾನ ಬದಲಿಸಿ ಮಂಗಳೂರಿಗೆ ಹೋಗುವಾಗ ಏಳು ಗಂಟೆ ಕಾಲ ವಿಮಾನ ನಿಲ್ದಾಣದ ಒಳಗೇ ಕೂತಿರುತ್ತೇನೆ, ಹೊರಗೆ ಬರುವುದಿಲ್ಲ ಎಂದು ಅಮ್ಮನಿಗೆ ಬರೆದಿದ್ದೀರಿ. ಬೇಡ ಮಾವ. ಅಮ್ಮ ಅಪ್ಪನಿಗೆ ಇನ್ನೂ ಹೇಳಿಲ್ಲ. ಇಪ್ಪತ್ತೈದು ವರ್ಷದ ಸಂಸಾರ, ನಾಲಿಗೆ ಏಳುತ್ತಿಲ್ಲ ಎನ್ನುತ್ತಾಳೆ. ಹೇಳದೆ ನಿಮ್ಮ ಮುಖ ನೋಡಲಾರೆ ಎಂದೂ ಅನ್ನುತ್ತಾಳೆ. ನಾನು ಒತ್ತಾಯಿಸುತ್ತಿಲ್ಲ, ಅಡುಗೆಮನೆ ಬಿಟ್ಟು ಕದಲುತ್ತಲೂ ಇಲ್ಲ.

ಈ ಪತ್ರ ಶೈಲೇಶಣ್ಣನ ಕೈಯಲ್ಲಿ ಬರುತ್ತದೆ, ಅವರು ಇವತ್ತೇ ಪರ್ತ್‌ಗೆ ಹೊರಟಿದ್ದಾರೆ. ಅತ್ತೆಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ಬಿದ್ದು, ತಲೆ ಎತ್ತಿಯೇ ನಿಂತಿರುವ,

ನಿಮ್ಮ ಸೊಸೆ
ಭವ್ಯಶ್ರೀ

ಮತ್ತೊಂದು ಮಾತು: ಶೈಲೇಶಣ್ಣ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಊಟಕ್ಕೆ ಕೂತಾಗ ಅಮ್ಮ ಹೇಳಿಬಿಟ್ಟಳು. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ, "ಇಷ್ಟಕ್ಕಾ? ಬಂದ ಮೊದಲ ಆರು ವರ್ಷ ನನ್ನ ಕಾರ್ಡಿನಲ್ಲಿ ಟೈಲರ್ ಅಂತ ಇತ್ತು. ನನಗೆ ಗುಂಡಿ ಹೊಲಿಲಿಕ್ಕೂ ಬರುದಿಲ್ಲ" ಅಂದರು. ಆದರೆ ನಗಲಿಲ್ಲ. "ಭೋಜಣ್ಣನನ್ನು ಒಳಗೆ ಕೂರಿಸುವುದಾ? ನಾನೇ ಕಾರ್ ತರ್ತೇನೆ" ಅಂದರು. ಅಮ್ಮ ಹೊರಗೆ ಆಗಮನದ ಬಾಗಿಲ ಹತ್ತಿರ ನಿಂತಿರುತ್ತಾಳೆ. ಶುಕ್ರವಾರ, ನವೆಂಬರ್ ೨೧, ಬೆಳಿಗ್ಗೆ ಎಂಟೂವರೆ.